ಅವರು ನಿಲ್ಲಿಸಿದ ಬಾಗಿಲು

ಒಂದು ನಿಮಿಷ ಇರಿ, ಎದ್ದು ಹೋಗಬೇಡಿ. ಮನೆ ಕೊಳ್ಳುತ್ತೇವೆ ಅಂತ ಬಂದು ಆಮೇಲೆ ಬೇಡ ಅಂದವರನ್ನು ನೀವೂ ಕಂಡಿರುತ್ತೀರಿ. ಆದರೆ ನಮ್ಮವರು ಯಾವ ಕಾರಣಕ್ಕೆ ಬೇಡ ಅಂದರು ಅನ್ನುವುದು ಇದೆಯಲ್ಲ, ಅದು ಬರುವ ತನಕ ಕಾಯಿರಿ.

ಬೋಗಾದಿಯ ಮನೆ ಮಾರಲು ಹೊರಟದ್ದು ಅಮ್ಮನ ಮಂಡಿ ನೋವಿನಿಂದ. ಮಲಗುವ ಕೋಣೆಗಳೆಲ್ಲ ಮಹಡಿಯಲ್ಲಿದ್ದವು, ಅವಳಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಚಾಮರಾಜಪುರಂನಲ್ಲಿ ಚಿಕ್ಕಮ್ಮನ ಮನೆಯ ಪಕ್ಕದಲ್ಲೇ ಮೆಟ್ಟಿಲಿಲ್ಲದ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ಅದರ ಮಾಲೀಕರು ದೀಪಾವಳಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಅಷ್ಟರೊಳಗೆ ನಮ್ಮದು ಮಾರಾಟವಾಗಬೇಕಿತ್ತು. ನಾವು ಸಾಮಾನು ಕಟ್ಟಿಕೊಂಡು ಚಿಕ್ಕಮ್ಮನ ಮನೆಯ ಒಂದೇ ಕೋಣೆಗೆ ಬಂದು ಕೂತೆವು.

ಗಂಡ ಹೆಂಡತಿ ಬಂದು ನೋಡಿ ಒಪ್ಪಿದರು, ಅಡ್ವಾನ್ಸ್ ಕೊಟ್ಟರು. ಕರಾರು ಪತ್ರ ಬರೆದದ್ದು ನಾನೇ. ಮನೆ ಕಾಗದಪತ್ರ ಅಂದರೆ ನನಗೆ ಹುಚ್ಚು. ಯಾರೂ ಕಲಿಸಿದ್ದಲ್ಲ, ಮೊಬೈಲ್ ನೋಡಿ, ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂರುವ ಪತ್ರಬರಹಗಾರರ ತಲೆ ತಿಂದು ಕಲಿತದ್ದು. "ಒಂದ್ಸಲ ಲಾಯರಿಗೆ ತೋರ್ಸೋ" ಅಂದಳು ಅಮ್ಮ. ನಾನು ನಕ್ಕೆ. ನನ್ನ ಆ ನಗು ನೆನೆದರೆ ಈಗ ನನಗೇ ಹೇಸಿಗೆಯಾಗುತ್ತದೆ.

ಆಷಾಢ ಹತ್ತಿರ ಬಂದಿತ್ತು. ರಿಜಿಸ್ಟ್ರೇಷನ್ ಶ್ರಾವಣದಲ್ಲಿ ಅಂತ ಮಾತಾಯಿತು. "ಬೀರು ಮಾಡ್ಸೋಕೆ ಅಳತೆ ತಗೋಬೇಕು, ಕೀ ಕೊಟ್ಟಿರಿ" ಅಂದರು ಕೊಳ್ಳುವ ಯಜಮಾನರು. ಕೊಟ್ಟೆ.

ನಾಲ್ಕು ದಿನಕ್ಕೆ ಎದುರು ಮನೆಯ ಆಂಟಿ ಅಮ್ಮನಿಗೆ ಫೋನ್ ಮಾಡಿದರು. "ಏನ್ ಕಣಮ್ಮ, ನಿಮ್ಮನೇಲಿ ಬಾಗ್ಲು ನಿಲ್ಲಿಸ್ತಾವ್ರೆ, ನೀನೇ ಇಲ್ವಲ್ಲ! ನಂಗೂ ಕರ್ದು ಅರಿಶಿನ ಕುಂಕುಮ ಕೊಟ್ರು."

ಆಟೋ ಹಿಡಿದು ಓಡಿದೆವು. ದಕ್ಷಿಣಕ್ಕಿದ್ದ ನಮ್ಮ ಹೊನ್ನೆ ಮರದ ಮುಂಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಹಿತ್ತಲ ಗೋಡೆಗೆ ಒರಗಿಸಿದ್ದರು. ಆ ಜಾಗಕ್ಕೆ ಇಟ್ಟಿಗೆ ತುಂಬಿತ್ತು. ಪೂರ್ವದ ಗೋಡೆ ಒಡೆದು ಹೊಸ ತೇಗದ ಬಾಗಿಲು ನಿಲ್ಲಿಸಿ, ಹೊಸ್ತಿಲ ಕೆಳಗೆ ನವರತ್ನದ ಗಂಟು ಹಾಕಿ, ಮಾವಿನ ತೋರಣ ಕಟ್ಟಿಯಾಗಿತ್ತು. ಆ ಹೆಂಗಸು ನಗುತ್ತಾ ಬಂದು ನಮ್ಮ ಮನೆಯಲ್ಲಿ ನಮಗೇ ಕೋಸಂಬರಿ ಕೊಟ್ಟಳು.

"ದಕ್ಷಿಣದ ಬಾಗ್ಲು ಆಗ್ಬರಲ್ಲ ಅಂದ್ರು ನಮ್ಮ ವಾಸ್ತುನವರು," ಅಂದರು ಯಜಮಾನರು. "ಆಷಾಢ ಬಂದ್ಬುಟ್ರೆ ನಿಲ್ಸೋಕಾಗಲ್ವಲ್ಲ, ಅದ್ಕೇ ಮುಗಿಸ್ಬುಟ್ವಿ. ಹೆಂಗಿದ್ರೂ ನಮ್ದೇ ಮನೆ ಅಲ್ವಾ?"

"ಇನ್ನೂ ಆಗಿಲ್ವಲ್ಲ" ಅಂದಳು ಅಮ್ಮ. "ಹೋಗ್ಲಿ ಬಿಡಮ್ಮ" ಅಂದವನು ನಾನು. ಕೋಸಂಬರಿಯನ್ನೂ ತಿಂದೆ.

ಆಷಾಢದ ನಡುವೆ ಅವರ ಷಡ್ಡಕ ಇನ್ನೊಬ್ಬ ವಾಸ್ತು ಪಂಡಿತನನ್ನು ಕರೆತಂದನಂತೆ. ಆತ ಹೊಸ ಹೊಸ್ತಿಲ ಮೇಲೆ ನಿಂತು ಹೊರಗೆ ನೋಡಿದ. ಪೂರ್ವದಿಂದ ಬರುವ ರಸ್ತೆ ನೇರವಾಗಿ ಬಂದು ಮುಟ್ಟುವುದು ನಮ್ಮ ಆ ಗೋಡೆಗೇ. ರಸ್ತೆ ಬಂದು ಬಾಗಿಲಿಗೆ ಹೊಡೆದರೆ ಬೀದಿ ಕುತ್ತು, ಮನೆಗೆ ಕೇಡು ಅನ್ನುತ್ತಾರೆ. ಪಂಡಿತ ಕೆನ್ನೆ ಕೆನ್ನೆ ಬಡಿದುಕೊಂಡನಂತೆ. ಸಂಜೆಗೆ ಯಜಮಾನರ ಫೋನ್: "ಮನೆ ಬ್ಯಾಡ ಕಣ್ರೀ. ಬಾಗ್ಲಿಗೆ ಕುತ್ತೈತೆ ಅಂತ ನೀವು ಹೇಳ್ಲೇ ಇಲ್ಲ."

ಅಮ್ಮ ಫೋನ್ ಕಿತ್ತುಕೊಂಡಳು. "ನಮ್ಮ ಬಾಗ್ಲಿಗೆ ಯಾವ ಕುತ್ತೂ ಇರ್ಲಿಲ್ಲ ಸ್ವಾಮಿ. ರಸ್ತೆ ಇದ್ದಿದ್ದು ಗೋಡೆ ಎದುರಿಗೆ. ಗೋಡೆ ಒಡ್ದು ಕುತ್ತನ್ನ ಒಳಕ್ಕೆ ಕರ್ಕೊಂಡವರು ನೀವು!"

ಇದೇ ಆ ಕಾರಣ. ತಾವೇ ಕೂರಿಸಿದ ಬಾಗಿಲಿಗೆ ತಾವೇ ಹೆದರಿ ಓಡಿದ ಧೀರರು.

ಆಮೇಲೆ ಮನೆ ನೋಡಲು ಬಂದ ಎರಡು ಕುಟುಂಬಗಳೂ ಗೇಟಿನಲ್ಲೇ ನಿಂತು ರಸ್ತೆ ನೋಡಿ, ಬಾಗಿಲು ನೋಡಿ, ಬೈಕ್ ತಿರುಗಿಸಿದವು. ಮೊದಲಿದ್ದಂತೆ ಮಾಡಿಕೊಡಿ ಅಂತ ಯಜಮಾನರ ಮನೆಗೇ ಹೋದೆವು. "ತೇಗದ ಬಾಗ್ಲು ಹಾಕಿ ನಿಮ್ಮನೆ ರೇಟ್ ಏರ್ಸಿದೀವಿ, ನೀವೇ ನಮಗೆ ಥ್ಯಾಂಕ್ಸ್ ಹೇಳ್ಬೇಕು" ಅಂದರು. ನಾನು ಕರಾರು ಪತ್ರ ಬಿಚ್ಚಿದೆ. ಅವರು ಕನ್ನಡಕ ಹಾಕಿಕೊಂಡು ಕೇಳಿದರು: "ಗೋಡೆ ಮುಟ್ಬಾರ್ದು ಅಂತ ಎಲ್ಲಿ ಬರ್ದೀಯ, ತೋರ್ಸಪ್ಪ."

ಎಲ್ಲೂ ಬರೆದಿರಲಿಲ್ಲ. ರಿಜಿಸ್ಟ್ರೇಷನ್‌ವರೆಗೆ ಮನೆಯಲ್ಲಿ ಏನೂ ಬದಲಾಯಿಸಬಾರದು ಅನ್ನುವ ಒಂದು ಸಾಲು. ನನ್ನ ಅಷ್ಟೂ ಪಾಂಡಿತ್ಯದಲ್ಲಿ ಅದೊಂದು ಇರಲಿಲ್ಲ. "ಮಡ್ಚಿಕೊಳ್ಳಿ ಲಾಯರ್ ಸಾಹೇಬ್ರೇ" ಅಂದಳು ಅಮ್ಮ, ಅವರೆದುರಿಗೇ.

ಶ್ರಾವಣ ಬಂತು. ಒಂದು ದಿನ ಆ ಹೆಂಗಸೇ ಫೋನ್ ಮಾಡಿ ಅಳುವ ದನಿಯಲ್ಲಿ, "ಅಕ್ಕಾ, ಪೂಜೆ ಮಾಡಿದ ಬಾಗ್ಲು, ನವರತ್ನ ಬೇರೆ ಅಲ್ಲೇ ಐತೆ. ಬೇರೆಯವ್ರ ಮನೇಲಿ ಬಿಟ್ರೆ ನಮ್ಮ ಲಕ್ಷ್ಮಿ ಅಲ್ಲೇ ಉಳ್ಕೋತಾಳೆ ಅಂತಾರೆ. ಬಿಚ್ಕೊಂಡು ಹೋಗ್ತೀವಿ" ಅಂದಳು.

ನಾನು ಯಾವ ಪುಸ್ತಕದಲ್ಲೂ ಓದದ ಕಾನೂನನ್ನು ಅಮ್ಮ ಆಗ ಹೇಳಿದಳು. "ಬನ್ನಿ ತಾಯಿ, ತಗೊಂಡೋಗಿ. ಮೊದ್ಲು ನಮ್ಮ ಬಾಗ್ಲು ಅದರ ಜಾಗಕ್ಕೆ ನಿಲ್ಲಿಸಿ. ಆಮೇಲೆ ನಿಮ್ದು ಕೀಳಿ, ಗೋಡೆ ಕಟ್ಟಿ, ಗಾರೆ ಮಾಡಿ, ಬಣ್ಣ ಬಳ್ದು ಹೋಗಿ."

"ಅದಕ್ಕೊಂದು ಒಳ್ಳೆ ದಿನ ನೋಡ್ತೀವಿ ಅಕ್ಕಾ."

"ನಮ್ದು ಕೀಳೋವಾಗ ಅದ್ಯಾವ ಒಳ್ಳೆ ದಿನ ನೋಡಿದ್ರಿ? ಸೋಮವಾರ ಬನ್ನಿ."

ಸೋಮವಾರ ಗಾರೆ ಕೆಲಸದವರ ಜೊತೆ ಬಂದರು. ಅಮ್ಮ ತೇಗದ ಬಾಗಿಲಿನ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ದಕ್ಷಿಣದ ಇಟ್ಟಿಗೆ ಬಿಚ್ಚಿ ನಮ್ಮ ಬಾಗಿಲು ಗಟ್ಟಿಯಾಗಿ ನಿಂತ ಮೇಲೆಯೇ ಎದ್ದದ್ದು. ತೇಗದ್ದನ್ನು ಕಿತ್ತಾಗ ನವರತ್ನದ ಗಂಟು ಸಿಮೆಂಟಿನೊಳಗೆ ಸಿಕ್ಕಿಹಾಕಿಕೊಂಡಿತ್ತು. ಯಜಮಾನರು ಪಂಚೆ ಮೇಲೆ ಕಟ್ಟಿ ಮಂಡಿಯೂರಿ, ಅರ್ಧ ದಿನ ಉಳಿಯಿಂದ ಕೆದಕಿದರು. ಕೆಲಸದವರು ನಗು ತಡೆಯಲಾರದೆ ಆಚೆ ಹೋದರು. ಗೋಡೆಗೆ ಬಣ್ಣವಾದ ಮೇಲೆ ಅವರ ಅಡ್ವಾನ್ಸ್ ವಾಪಸು ಕೊಟ್ಟೆವು.

ಹೊಸ ಗಾರೆಯ ಗುರುತು ಗೋಡೆಯಲ್ಲಿ ಉಳಿಯಿತು. ಅದನ್ನು ನೋಡಿ ಮತ್ತೊಬ್ಬರು ಜಾರಿಕೊಂಡರು. ದಸರಾ ಮುಗಿದ ವಾರ ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬರು ಬಂದರು. ನೀರು ಬರುತ್ತದಾ, ಕರೆಂಟ್ ಹೋಗುತ್ತದಾ ಎಂದು ಕೇಳಿದರು. "ಆ ಕಡೆ ರಸ್ತೆ ನೇರ ಬರುತ್ತೆ" ಅಂತ ಅಮ್ಮನೇ ಹೇಳಿದಳು. "ಬರ್ಲಿ ಬಿಡಿ, ಗಾಳಿ ಚೆನ್ನಾಗಿರುತ್ತೆ" ಅಂದರು. ಅಷ್ಟು ದಿನಗಳಲ್ಲಿ ನಾನು ಕಂಡ ಒಬ್ಬನೇ ಬುದ್ಧಿವಂತ. ಕೀ ಕೊಟ್ಟದ್ದು ರಿಜಿಸ್ಟ್ರೇಷನ್ ಆದ ಮೇಲೆ. ದೀಪಾವಳಿಗೆ ಮೂರು ದಿನ ಮುಂಚೆ ಚಾಮರಾಜಪುರಂ ಮನೆ ಅಮ್ಮನದಾಯಿತು.

ಕೊಳ್ಳುವ ಮೊದಲೇ ನಿಮ್ಮ ಮನೆಯನ್ನು ಒಡೆದು, ಆಮೇಲೆ ಕೈ ಒರೆಸಿಕೊಂಡು ಹೋದವರು ನಿಮಗೂ ಸಿಕ್ಕಿದ್ದಾರಾ? ಏನು ಒಡೆದರು, ನೀವು ಅದನ್ನು ಹೇಗೆ ಸರಿ ಮಾಡಿಸಿದಿರಿ, ದಯವಿಟ್ಟು ಕೆಳಗೆ ಬರೆಯಿರಿ. ಕರಾರು ಪತ್ರದಲ್ಲಿ ಯಾವ ಸಾಲು ಬಿಟ್ಟುಹೋಗಿತ್ತು ಅನ್ನುವುದನ್ನೂ ನಾಚಿಕೆಪಡದೆ ಹೇಳಿ.