ಕಜ್ಜಾಯದ ಅಂಚು

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ನನಗೆ ಹೊಟ್ಟೆ ಕೆಡುತ್ತದೆ. ಹೊಟ್ಟೆ ಕೆಡಲು ಅಮಾವಾಸ್ಯೆಯೇ ಆಗಬೇಕೆಂದೇನಿಲ್ಲ. ಗ್ಯಾಸ್ ಆಫ್ ಮಾಡಿ ಬಂದೆನೋ ಇಲ್ಲವೋ ಎಂಬ ಒಂದು ಯೋಚನೆ ಸಾಕು. ತರೀಕೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡು ದಿನವಿಡೀ ಊರವರ ಕಾಯಿಲೆ ಕೇಳಿಸಿಕೊಳ್ಳುವವನಿಗೆ, ಸಂಜೆ ಹೊತ್ತಿಗೆ ಅವುಗಳಲ್ಲಿ ಮೂರಾದರೂ ತನಗೇ ಇವೆ ಅನ್ನಿಸುವುದು ಸಹಜ. ಸಕ್ಕರೆ ಕಾಯಿಲೆ ಮಾತ್ರ ಅನ್ನಿಸಿದ್ದಲ್ಲ, ನಿಜವಾಗಿಯೂ ಇದೆ. ಅದು ಅಪ್ಪನಿಂದ ಬಂದದ್ದು. ಅಪ್ಪನಿಂದ ಇನ್ನೂ ಒಂದು ಬಂದಿದೆ ಎಂದು ತಿಳಿದದ್ದು ಎರಡು ವರ್ಷದ ಹಿಂದೆ, ಇದೇ ಅಮಾವಾಸ್ಯೆಯ ಮಧ್ಯಾಹ್ನ. ಅವ್ವನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ಧೈರ್ಯಗಳೆಲ್ಲ ಹೆಚ್ಚುಕಡಿಮೆ ಈ ಜಾತಿಯವೇ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ನಡುಮನೆಯಲ್ಲಿ ಅವರ ಫೋಟೋ, ಮುಂದೆ ಬಾಳೆ ಎಲೆ, ಎಲೆಯ ಮೇಲೆ ಅವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದದ್ದೆಲ್ಲ. ಪಕ್ಕದಲ್ಲಿ ಹೊಸ ಪಂಚೆ, ಟವೆಲ್ಲು. ಅಪ್ಪನ ಮಟ್ಟಿಗೆ ಒಂದು ಕಟ್ಟು ಬೀಡಿ. ಸಾಂಬ್ರಾಣಿ ಹೊಗೆ ಹಾಕಿ, ಅಡ್ಡಬಿದ್ದು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಬದುಕಿರುವವರ ಕಣ್ಣೆದುರು ಹಿರಿಯರಿಗೆ ಊಟ ಸೇರುವುದಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು, ಮನೆಗೆ ದೊಡ್ಡವರಾದವರು ಬಾಗಿಲ ಹತ್ತಿರ ಕೆಮ್ಮಿ, ಮೂರು ಸಲ ಚಪ್ಪಾಳೆ ತಟ್ಟಿ, ಒಳಗಿರುವವರು ಗಾಬರಿಯಾಗದಂತೆ ಸೂಚನೆ ಕೊಟ್ಟು, ಆಮೇಲೆ ತೆರೆಯುತ್ತಾರೆ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ.

ಅಪ್ಪ ತೀರಿಕೊಂಡದ್ದು ಅಜ್ಜಂಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ. ಕೊನೆಯ ಐದು ವರ್ಷ ಅಪ್ಪನಿಗೆ ಸ್ನಾನ ಮಾಡಿಸಿದ್ದು, ಗಡ್ಡ ಹೆರೆದದ್ದು, ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡಿದ್ದು ಎಲ್ಲ ಅಣ್ಣನೇ. ನಾನು ಮಾತ್ರೆ ಕಳಿಸುತ್ತಿದ್ದೆ, ಫೋನಿನಲ್ಲಿ ಬುದ್ಧಿ ಹೇಳುತ್ತಿದ್ದೆ. ಅಪ್ಪ ಹೋದ ಮೇಲೆ ಅವ್ವ ಮಂಡಿ ನೋವಿನ ಚಿಕಿತ್ಸೆಗೆಂದು ತರೀಕೆರೆಗೆ ಬಂದು ನಮ್ಮ ಜೊತೆಯಲ್ಲೇ ಉಳಿದಳು. ನಾವು ಪಾಲಾಗಿ ಬಹಳ ವರ್ಷವಾದ್ದರಿಂದ ಅಣ್ಣ ತನ್ನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ ಬೇರೆಬೇರೆ ಎಡೆ ಇಡುವುದು.

ಅವ್ವನದು ಒಂದೇ ಚಿಂತೆ. ನಮ್ಮ ಈಗಿನ ಮನೆ ಕಟ್ಟಿದ್ದು ಅಪ್ಪ ಹೋದ ಮೇಲೆ. ಅವರು ನೋಡಿಯೇ ಇಲ್ಲ. ಎಡೆ ಇಡುವ ಹಿಂದಿನ ದಿನವೇ ಅವಳು ಫೋಟೋದ ಮುಂದೆ ಕೂತು ದಾರಿ ಹೇಳುತ್ತಿದ್ದಳು. "ಬಸ್ ಸ್ಟ್ಯಾಂಡಲ್ಲಿ ಇಳ್ಕಳ್ಳಿ. ಅಲ್ಲಿಂದ ವಾಟರ್ ಟ್ಯಾಂಕ್ ಕಡೆ ಬರ್ರಿ. ಹಸ್ರು ಗೇಟು. ನಾಯಿ ಕಟ್ಟಾಕಿರ್ತೀವಿ." ಮೊದಲೆರಡು ವರ್ಷ ಬಾಗಿಲು ತೆಗೆದಾಗ ಎಲೆಯನ್ನು ಒಂದು ಥರ ನೋಡುತ್ತಿದ್ದಳು. ಏನೂ ಕದಲಿರುತ್ತಿರಲಿಲ್ಲ. "ದಾರಿ ತಪ್ತೇನೋ," ಎನ್ನುತ್ತಿದ್ದಳು.

ಎರಡು ವರ್ಷದ ಹಿಂದಿನ ಆ ಅಮಾವಾಸ್ಯೆ, ಎಲ್ಲರೂ ಹೊರಗೆ ಹೊರಡುವ ಹೊತ್ತಿಗೆ ನಾನು ಬಚ್ಚಲುಮನೆಯಲ್ಲಿದ್ದೆ. ಕಾರಣ ಮೇಲೆ ಹೇಳಿದ ಹೊಟ್ಟೆ. ಈಚೆ ಬಂದು ನೋಡಿದರೆ ಮನೆ ಖಾಲಿ, ಮುಂಬಾಗಿಲು ಮುಚ್ಚಿದೆ. ಬಾಗಿಲು ತೆಗೆದು ಹೊರಗೆ ಹೋದರೆ ಹಿರಿಯರು ಎದ್ದು ಹೋಗುತ್ತಾರೆ, ಅವ್ವ ವರ್ಷವಿಡೀ ಅನ್ನುತ್ತಾಳೆ. ಹಿತ್ತಿಲ ಬಾಗಿಲು ಆಗ ಹೊಳೆಯಲೇ ಇಲ್ಲ. ಸರಿ, ಚಪ್ಪಾಳೆ ಆಗುವವರೆಗೆ ಅಲ್ಲೇ ನಿಂತಿರೋಣ ಎಂದುಕೊಂಡೆ. ಬೆಳಿಗ್ಗೆ ಶುಗರಿನ ಮಾತ್ರೆ ನುಂಗಿದ್ದೆ, ಊಟವಿರಲಿಲ್ಲ. ಶುಗರ್ ಇಳಿದಿತ್ತು ಎಂದು ಈಗಲೂ ವಾದ ಮಾಡಬಲ್ಲೆ. ಆದರೆ ಅಳೆಯುವ ಮಿಷನ್ ಕೈಗೆಟಕುವ ಗೂಡಿನಲ್ಲೇ ಇತ್ತು. ನಾನು ಅಳೆಯಲಿಲ್ಲ. ಎಲೆಯ ಮೇಲಿಂದ ಒಂದು ಕಜ್ಜಾಯ ತೆಗೆದೆ.

ಅಕ್ಕಿ ನೆನೆಹಾಕಿ, ಆರಿಸಿ, ಕುಟ್ಟಿ, ಎಳ್ಳಿನ ಜೊತೆ ಬೆಲ್ಲದ ಪಾಕಕ್ಕೆ ಹಾಕಿ ಮಾಡಿದ ಕಜ್ಜಾಯ. ನಾಲ್ಕು ವರ್ಷದಿಂದ ನನ್ನ ನಾಲಿಗೆ ಕಾಣದ ವಸ್ತು. ಎಷ್ಟು ತಿಂದೆ ಎಂಬ ಪರಿವೆಯಿರಲಿಲ್ಲ. ಹೊರಗಿನಿಂದ ಅವ್ವನ ಕೆಮ್ಮು ಕೇಳಿಸಿತು. ಕೈಯಲ್ಲಿದ್ದದ್ದನ್ನು ಎಲೆಗೆ ಹಾಕಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲಿನಿಂದ ಓಡಿ, ಓಣಿ ಸುತ್ತಿ ಮುಂದೆ ಬಂದು ಎಲ್ಲರ ಹಿಂದೆ ನಿಂತೆ.

"ಎಲ್ಲೋಗಿದ್ರಿ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಹೊಟ್ಟೆ," ಎಂದೆ. ನಮ್ಮ ಮನೆಯಲ್ಲಿ ಅದು ಎಲ್ಲಕ್ಕೂ ಸಲ್ಲುವ ಉತ್ತರ.

ಬಾಗಿಲು ತೆಗೆದ ಅವ್ವ ಎಲೆಯ ಮುಂದೆ ಹಾಗೇ ಕುಸಿದು ಕೂತಳು. ಏನೋ ಆಯಿತೆಂದು ನಾನು ಆಗಲೇ ಆಂಬ್ಯುಲೆನ್ಸಿನ ನಂಬರ್ ನೆನಪು ಮಾಡಿಕೊಳ್ಳುತ್ತಿದ್ದೆ. ಅವಳು ಅಳುತ್ತಿದ್ದಳು, ನಗುತ್ತಿದ್ದಳು.

"ಬಂದಿದ್ರು ಕಣೇ! ನೋಡು, ಅಂಚು ಮುರ್ಕೊಂಡು ನಡು ಬಿಟ್ಟವ್ರೆ. ಅವ್ರು ಬಿಟ್ರೆ ಇನ್ಯಾರು ಹಿಂಗೆ ತಿಂತಾರೆ?"

ಆಗ ನೋಡಿದೆ. ಗರಿಗರಿ ಅಂಚನ್ನು ಸುತ್ತಲೂ ಮುರಿದು ತಿಂದು, ಮೆತ್ತನೆಯ ನಡುವನ್ನು ಹಾಗೇ ಉಳಿಸಿದ್ದೆ. ಅಪ್ಪ ತಿನ್ನುತ್ತಿದ್ದದ್ದು ಹಾಗೆಯೇ. ನಾನು ಚಿಕ್ಕವನಿದ್ದಾಗ ಆ ನಡು ನನ್ನ ಕೈಗೆ ಬರುತ್ತಿತ್ತು. ಅಣ್ಣ ನೋಡುತ್ತಿದ್ದ, "ನೀನು ದೊಡ್ಡೋನು, ಇಡೀದು ತಿನ್ನು," ಎಂದು ಅಪ್ಪ ಅವನಿಗೆ ಬೇರೆಯದೇ ಕೊಡುತ್ತಿದ್ದರು. ನಾನೂ ಅಂಚನ್ನೇ ಮೊದಲು ಮುರಿಯುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಆಗಲೇ ಹೇಳಬೇಕಿತ್ತು. ಒಂದು ಮಾತು, ಒಂದು ಬೈಗುಳ, ಮುಗಿಯುತ್ತಿತ್ತು. ಆದರೆ ಅವ್ವ ಫೋಟೋದ ಕಡೆ ತಿರುಗಿ, "ಅಂತೂ ದಾರಿ ಸಿಗ್ತಲ್ಲ," ಎಂದಳು. ಅದಾದ ಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ. ಬಾಯಿಯಲ್ಲಿ ಇನ್ನೂ ಎಳ್ಳು ಸಿಕ್ಕಿಕೊಂಡಿತ್ತು.

ಸಂಜೆಯೊಳಗೆ ಕಡೂರಿನ ಅತ್ತೆಯಿಂದ ಹಿಡಿದು ಎಲ್ಲ ನೆಂಟರಿಗೂ ಫೋನ್ ಹೋಯಿತು. ಅಣ್ಣನಿಗೆ ಎಲ್ಲರಿಗಿಂತ ಮೊದಲು. ಮಾತಿನ ಕೊನೆಗೆ ಅವ್ವ ಕೇಳಿದ್ದು ನನಗೆ ಕೇಳಿಸಿತು: "ನಿಮ್ಮಲ್ಲಿ ಏನಾರ ಮುಟ್ಟಿದ್ರಾ?" ಆ ಕಡೆಯಿಂದ ಬಂದ ಉತ್ತರ ಚಿಕ್ಕದಿರಬೇಕು. "ಹ್ಞೂಂ, ಬಿಡು," ಎಂದು ಫೋನ್ ಇಟ್ಟಳು.

ಮಾರನೆಯ ವರ್ಷ ನಾನು ಮಾಡಿದ್ದಕ್ಕೆ ಶುಗರಿನ ನೆಪವೂ ಇಲ್ಲ. ಅವ್ವ ಹದಿನೈದು ದಿನ ಮುಂಚೆಯೇ ಅಕ್ಕಿ ಆರಿಸಲು ಕೂತಿದ್ದಳು. "ಈ ಸಲಾನೂ ಬರ್ತಾರಾ ಅತ್ತೆ?" ಎಂದು ಹೆಂಡತಿ ಕೇಳಿದರೆ, "ಬರ್ದೆ ಏನು, ಮನೆ ಗೊತ್ತಾಯ್ತಲ್ಲ," ಎನ್ನುತ್ತಿದ್ದಳು. ಕಜ್ಜಾಯ ಮುಟ್ಟದಿದ್ದರೆ ಅವಳ ಬಿಪಿ ಏನಾಗಬಹುದು ಎಂದು ನಾನು ಒಂದು ವಾರ ಲೆಕ್ಕ ಹಾಕಿದೆ. ಕೊನೆಗೆ ಅದು ಅವಳ ಆರೋಗ್ಯದ ಪ್ರಶ್ನೆ ಎಂದು ನನ್ನನ್ನು ನಾನೇ ಒಪ್ಪಿಸಿ, ಹೊಟ್ಟೆಯ ಹೆಸರು ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಲ್ಲರೂ ಹೊರಟ ಮೇಲೆ ಈಚೆ ಬಂದು, ಈ ಸಲ ಅಂಚನ್ನು ನೋಡಿಕೊಂಡು, ಸುತ್ತಲೂ ಸಮವಾಗಿ ಮುರಿದೆ. ಕಳ್ಳತನಕ್ಕೂ ಒಂದು ಕೈಗುಣ ಬಂದುಬಿಟ್ಟಿತ್ತು.

ಹತ್ತು ದಿನಕ್ಕೆ ವಿಜಯದಶಮಿ. ಅವ್ವನಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳಲು ಅಣ್ಣ ಪ್ರತಿವರ್ಷ ಬರುತ್ತಾನೆ. ಆ ವರ್ಷ ಬಂದವನು ಇಳಿದುಹೋಗಿದ್ದ. ನಾನು ಅವನ ಕೈಗೆ ಬನ್ನಿ ಎಲೆ ಇಟ್ಟು ಬಗ್ಗಿದರೆ ತಲೆ ಮುಟ್ಟಿದನಷ್ಟೇ. ಮೆಡಿಕಲ್ ಶಾಪಿಗೆ ನನ್ನ ಜೊತೆ ನಡೆದು ಬಂದ. ಆಯುಧಪೂಜೆಯ ಚೆಂಡುಹೂ ಶಟರಿನ ಮೇಲೆ ಬಾಡುತ್ತಿತ್ತು. ಸ್ಟೂಲಿನ ಮೇಲೆ ಕೂತು ಕೇಳಿದ:

"ಪಾಕ ಯಾವ ಹದಕ್ಕೆ ತೆಗೀತಾಳೆ ಅವ್ವ?"

"ಯಾಕೆ?"

"ನಿಮ್ಮತ್ತಿಗೆ ಹಂಗೇ ಮಾಡ್ತಾಳೆ. ಆದ್ರೂ ಅಪ್ಪ ಮುಟ್ಟಲ್ಲ." ಬನ್ನಿ ಎಲೆಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತಿದ್ದ. "ನಂಗೆ ಗೊತ್ತು ಕಣೋ ಯಾಕಂತ. ಕೊನೇ ತಿಂಗ್ಳಲ್ಲಿ ಕಜ್ಜಾಯ ಕೇಳಿದ್ರು. ಒಂದಿನಕ್ಕೆ ಏನಾಗಲ್ಲ ಕಣ್ಲಾ, ಒಂದು ಮಾಡ್ಸು ಅಂತ. ನಿಮ್ಮತ್ತಿಗೆ ಅಕ್ಕಿ ನೆನೆ ಹಾಕಿದ್ಲು. ನಾನೇ ಬೇಡ ಅಂದೆ. ಅದುಕ್ಕೇ ನಮ್ಮನೆ ಊಟ ಬ್ಯಾಡ ಆಗಿದೆ ಅವ್ರಿಗೆ. ಅಂತರಘಟ್ಟೆ ಗುಡಿಗೋಗಿ ಅಮ್ಮನ ಮುಂದೆ ತಪ್ಪಾಯ್ತು ಅಂತ ಬಿದ್ದು ಬಂದೆ. ಆದ್ರೂ ಬರ್ಲಿಲ್ಲ ನೋಡು."

ಆ ಕಜ್ಜಾಯ ನನಗೆ ನೆನಪಿತ್ತು. ಅವನು ಆ ದಿನ ಫೋನ್ ಮಾಡಿ, ಒಂದು ಕೊಡಬಹುದಾ ಎಂದು ನನ್ನನ್ನು ಕೇಳಿದ್ದ. ಇದೇ ಕೌಂಟರಿನ ಹಿಂದೆ ನಿಂತು ನಾನು ಅಂದಿದ್ದೆ: "ಒಂದು ಚೂರೂ ಕೊಡ್ಬೇಡ. ಕೊಟ್ಟು ಹೆಚ್ಚುಕಮ್ಮಿ ಆದ್ರೆ ನೀನೇ ಜವಾಬ್ದಾರಿ." ಅವನು ಓದಿದವನ ಮಾತು ಕೇಳಿದ. ಈಗ ಹೇಳುವಾಗ ನನ್ನ ಹೆಸರನ್ನೇ ಎತ್ತಲಿಲ್ಲ. ಮರೆತಿದ್ದನೋ, ಬಿಟ್ಟಿದ್ದನೋ, ಕೇಳುವ ಮುಖ ನನಗಿರಲಿಲ್ಲ. ಅವನು ಬೇಡವೆಂದ ಕಜ್ಜಾಯ ನನ್ನ ಮಾತಿನದು, ಅಪ್ಪ ತಿಂದರೆಂಬ ಕಜ್ಜಾಯ ನನ್ನ ಬಾಯಿಯದು. ಎರಡರ ನಡುವೆ ಅವನು ತಾನೇ ಪಾಪಿ ಎಂದುಕೊಂಡು ದೇವಿಯ ಮುಂದೆ ಬಿದ್ದು ಬಂದಿದ್ದ.

ಆಗಲೂ ಹೇಳಲಿಲ್ಲ. ಯಾರೋ ಕೆಮ್ಮಿನ ಔಷಧಿ ಕೇಳಿಕೊಂಡು ಬಂದರು. ಎಂದೂ ಇಲ್ಲದಷ್ಟು ವಿವರವಾಗಿ ಅವರಿಗೆ ದಿನಕ್ಕೆಷ್ಟು ಚಮಚ ಎಂದು ಹೇಳಿದೆ.

ಹೇಳಿದ್ದು ಬಸ್ ಸ್ಟ್ಯಾಂಡಿನಲ್ಲಿ. ಅಜ್ಜಂಪುರದ ಬಸ್ಸು ಸ್ಟಾರ್ಟ್ ಆಗಿ, ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ, ಕಿಟಕಿಯ ಸರಳು ಹಿಡಿದುಕೊಂಡು ಹೇಳಿದೆ. ಅವನು ತಿರುಗಿ ಏನೂ ಕೇಳಲಾಗದ ಸಮಯವನ್ನೇ ನೋಡಿಕೊಂಡಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

"ಅಣ್ಣಾ, ಅಪ್ಪ ನಮ್ಮನೇಗೂ ಬಂದಿಲ್ಲ. ಅದು ನಾನು ತಿಂದದ್ದು. ಎರಡು ಸಲಾನೂ."

ಅವನು ನನ್ನನ್ನು ನೋಡಿದ. ಬಸ್ಸು ಹೊರಟಿತು. ಸರಳು ಬಿಡುವುದು ಮರೆತು ನಾಲ್ಕು ಹೆಜ್ಜೆ ಜೊತೆಯಲ್ಲೇ ಓಡಿದೆ.

ಸಂಜೆ ಫೋನ್ ಬಂತು. ಬೈಗುಳಕ್ಕೆ ತಯಾರಾಗಿ, ಸಾಲದ್ದಕ್ಕೆ ಒಂದು ಬಿಪಿ ಮಾತ್ರೆಯನ್ನೂ ನುಂಗಿ ಎತ್ತಿಕೊಂಡೆ.

"ಅವ್ವನಿಗೆ ಹೇಳ್ದ್ಯಾ?" ಎಂದ.

"ಇನ್ನೂ ಇಲ್ಲ."

"ಹೇಳ್ಬೇಡ," ಎಂದು ಇಟ್ಟುಬಿಟ್ಟ.

ಈ ವರ್ಷ ಅವ್ವನೇ ಹೇಳಿದಳು: "ಒಂದ್ಸಲ ಅಲ್ಲೇ ಇಡಾಣ ಕಣ್ರಪ್ಪ. ಪ್ರಾಣ ಬಿಟ್ಟ ಮನೆ. ದೊಡ್ಡೋನು ಬಾಳ ನೊಂದ್ಕೊಂಡವ್ನೆ." ಎಲ್ಲರೂ ಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಅಣ್ಣನ ಮನೆಯಲ್ಲೂ ಒಂದೇ ಒಂದು ಸಲ ಅಂಚು ಮುರಿದರೆ? ಅವ್ವನಿಗೂ ಸಮಾಧಾನ, ನೆಂಟರ ಮುಂದೆ ಅಣ್ಣನಿಗೂ ಮಾನ. ಕೆಟ್ಟದ್ದನ್ನು ಅದೇ ಕೆಟ್ಟದ್ದರಿಂದ ಸರಿಮಾಡುವ ಇಂಥ ಉಪಾಯಗಳು ನನಗೆ ಬೇಗ ಹೊಳೆಯುತ್ತವೆ.

ಅತ್ತಿಗೆ ಎಡೆ ಇಟ್ಟರು. ಸಾಂಬ್ರಾಣಿ ಹೊಗೆ ಎದ್ದಿತು. ಎಲ್ಲರೂ ಹೊರಗೆ ಹೊರಟಾಗ ನಾನು ಹೊಟ್ಟೆ ಹಿಡಿದುಕೊಂಡು ಬಚ್ಚಲ ಕಡೆ ತಿರುಗಿದೆ. ಅಣ್ಣ ಬಂದು ರಟ್ಟೆ ಹಿಡಿದ. ಗಟ್ಟಿಯಾಗಿಯೇ ಹಿಡಿದ.

"ಬಾರೋ ಹೊರ್ಗೆ. ಹಿಂಬಾಗ್ಲಿಗೆ ಬೀಗ ಹಾಕಿದೀನಿ."

ಜಗಲಿಯ ಮೇಲೆ ಅವನ ಪಕ್ಕದಲ್ಲೇ ಕೂತೆ. ಅಂಗಳದಲ್ಲಿ ಒಣಗಿ ಬಿದ್ದ ಈರುಳ್ಳಿ ಸಿಪ್ಪೆ ಗಾಳಿಗೆ ಹಾರುತ್ತಿತ್ತು. ಅವ್ವ ಕೆಮ್ಮಿ, ಚಪ್ಪಾಳೆ ತಟ್ಟಿ, ಬಾಗಿಲು ತೆಗೆದಳು. ಎಲೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಕಜ್ಜಾಯಗಳು ದುಂಡಗೆ, ಒಂದು ಗೀರೂ ಇಲ್ಲದೆ.

ಅವ್ವ ಗೋಡೆಗೊರಗಿ ಕೂತಳು. "ನಿಮ್ಮಪ್ಪಂಗೆ ನಿನ್ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ ಅಂತ ಕಾಣ್ತದೆ ಕಣೋ ದೊಡ್ಡೋನೆ. ಚಿಕ್ಕೋನು ಅಂದ್ರೆ ಮೊದ್ಲಿಂದ್ಲೂ ಅವ್ರಿಗೆ ಒಂದು ತೂಕ ಜಾಸ್ತಿ."

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು.

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಅಷ್ಟರಲ್ಲಿ ಅಣ್ಣ, "ಹೋಗ್ಲಿ ಬಿಡವ್ವ. ಇದ್ದಾಗ ಐದೊರ್ಷ ನನ್ನ ಕೈಯಲ್ಲೇ ಉಂಡವ್ರಲ್ಲ, ಸಾಕು," ಎಂದ. ಅದನ್ನು ನನಗೆ ಕೊಟ್ಟ ಸೂಚನೆ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಅವನ ಮಾತು ಉಳಿಸಲು ಮುಚ್ಚಿಕೊಂಡೆನೋ, ನನ್ನ ಚರ್ಮ ಉಳಿಸಲೋ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿರುವುದರಿಂದಲೇ ಮತ್ತೆ ಮತ್ತೆ ಕೇಳಿಕೊಳ್ಳುವುದು.

ಅಣ್ಣ ಎಲೆಯ ಮುಂದೆ ಕೂತು ಒಂದು ಕಜ್ಜಾಯ ತೆಗೆದುಕೊಂಡ. ಆತುರವಿಲ್ಲದೆ ಸುತ್ತಲೂ ಅಂಚು ಮುರಿದು ತಿಂದ. ಉಳಿದ ನಡುವನ್ನು ನನ್ನ ಅಂಗೈಯಲ್ಲಿಟ್ಟ.

"ತಗಳಪ್ಪ. ನಡು ನಿಂದಲ್ವಾ."

"ಅವ್ನಿಗೆ ಸಕ್ರೆ ಕಾಯ್ಲೆ ಕಣೋ, ಕೊಡ್ಬೇಡ!" ಎಂದಳು ಅವ್ವ.

"ಒಂದಿನಕ್ಕೆ ಏನಾಗಲ್ಲ," ಎಂದ ಅಣ್ಣ. "ತಿನ್ಲಿ."

ಅವ್ವ, ಹೆಂಡತಿ, ಅಡುಗೆಮನೆ ಬಾಗಿಲಲ್ಲಿ ನಿಂತ ಅತ್ತಿಗೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನರ ಕಣ್ಣೆದುರು, ಅಪ್ಪನ ಫೋಟೋದ ಮುಂದೆ, ತಿಂದೆ.