ಅಜ್ಜಂಪುರದಲ್ಲಿ ಇಬ್ಬರ ಓದು

ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿದ್ದ ವರ್ಷ ನನ್ನನ್ನು ಹಳ್ಳಿ ಪೋಸ್ಟಿಂಗಿಗೆಂದು ಅಜ್ಜಂಪುರದ ಆಸ್ಪತ್ರೆಗೆ ಹಾಕಿದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. "ನಿನ್ನ ಅದೃಷ್ಟ ಕಣೇ" ಎಂದರು ಹಾಸ್ಟೆಲ್ಲಿನ ಗೆಳತಿಯರು. ಅವರ ಲೆಕ್ಕದಲ್ಲಿ ಹಳ್ಳಿ ಪೋಸ್ಟಿಂಗ್ ಅಂದರೆ ಬೆಳಿಗ್ಗೆ ರಿಜಿಸ್ಟರಿನಲ್ಲಿ ಒಂದು ಸಹಿ, ಆಮೇಲೆ ಸಂಜೆಯ ತನಕ ಪಿಜಿ ಪ್ರವೇಶ ಪರೀಕ್ಷೆಗೆ ಓದು. ನನ್ನ ಮನೆ ಬೇರೆ ಕಡೂರಿನಲ್ಲೇ ಇತ್ತು. ಬೆಳಗಿನ ರೈಲು ಹತ್ತಿದರೆ ಬೀರೂರು ದಾಟಿ ಅಜ್ಜಂಪುರ. ಅಮ್ಮ ಕಟ್ಟಿಕೊಟ್ಟ ಬುತ್ತಿ, ತೊಡೆಯ ಮೇಲೆ ದಪ್ಪ ಪುಸ್ತಕ. ನಾನು ಓದಬೇಕೆಂದಿದ್ದದ್ದು ಜನರಲ್ ಮೆಡಿಸಿನ್. ಹೆರಿಗೆ ವಾರ್ಡಿನ ಕೂಗಾಟ, ರಕ್ತ, ಅವಸರ ಇವೆಲ್ಲ ನನ್ನ ಸ್ವಭಾವಕ್ಕೆ ಆಗದು ಎಂದು ಆಗಲೇ ತೀರ್ಮಾನ ಮಾಡಿಕೊಂಡಿದ್ದೆ.

ಮೊದಲ ವಾರವೆಲ್ಲ ಹಾಗೇ ನಡೆಯಿತು. ಆಸ್ಪತ್ರೆಯ ಹಿರಿಯ ಡಾಕ್ಟರು ಒಳ್ಳೆಯವರು. "ಓದ್ಕೋಮ್ಮಾ, ಜನ ಜಾಸ್ತಿ ಬಂದ್ರೆ ಕರೀತೀನಿ" ಅನ್ನುತ್ತಿದ್ದರು. ನಾನು ಇಂಜೆಕ್ಷನ್ ಕೋಣೆಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು, ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟು ಸರಿಯಾದದ್ದಕ್ಕೆ ಗುರುತು ಹಾಕಿಸುವ ಪುಸ್ತಕಗಳಲ್ಲಿ ಮುಳುಗಿರುತ್ತಿದ್ದೆ.

ಅದೇ ಕೋಣೆಯಲ್ಲಿ ಸಿರಿಂಜು ಕುದಿಸುತ್ತ ನನ್ನನ್ನು ಗಮನಿಸುತ್ತಿದ್ದವರು ಅಲ್ಲಿನ ನರ್ಸ್. ನಲವತ್ತೈದರ ಆಸುಪಾಸಿನ ಹೆಂಗಸು, ತರೀಕೆರೆ ಕಡೆಯವರು. ಸುತ್ತಲ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಮಕ್ಕಳನ್ನು ಈ ಲೋಕಕ್ಕೆ ಎಳೆದು ತಂದ ಕೈ ಅವರದು ಎಂದು ಜನ ಹೇಳುತ್ತಿದ್ದರು. ಊರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿತ್ತು. ಒಂದು ಮಧ್ಯಾಹ್ನ ಅವರು ನನ್ನ ಪುಸ್ತಕವನ್ನು ಬಗ್ಗಿ ನೋಡಿ ಕೇಳಿದರು, "ಡಾಕ್ಟ್ರಮ್ಮ, ಪರೀಕ್ಷೇಲಿ ಉತ್ತರ ಬರಿಯೋದು ಹೆಂಗೆ ಅಂತ ನಂಗೊಸಿ ಹೇಳ್ಕೊಡ್ತೀರಾ?"

ಅವರಿಗೂ ಒಂದು ಪರೀಕ್ಷೆ ಇತ್ತು. ಬಡ್ತಿಯ ತರಬೇತಿಗೆ ಹೋಗಬೇಕಾದರೆ ಬರವಣಿಗೆಯ ಪರೀಕ್ಷೆ ಪಾಸಾಗಬೇಕು. ಎರಡು ಸಲ ಕೂತು ಎರಡು ಸಲವೂ ನಪಾಸಾಗಿದ್ದರು.

"ಯಾಕೆ ಸಿಸ್ಟರ್? ನಿಮಗೆ ಗೊತ್ತಿಲ್ಲದ್ದು ಏನಿದೆ?"

"ಹೆರಿಗೆ ಆದ್ಮೇಲೆ ರಕ್ತಸ್ರಾವ ಜಾಸ್ತಿ ಆದ್ರೆ ಏನ್ ಮಾಡ್ತೀರಿ ಅಂತ ಕೇಳಿದ್ರು. ಏನ್ ಮಾಡ್ಬೇಕೋ ಅದನ್ನ ತಕ್ಷಣ ಮಾಡುವುದು ಅಂತ ಬರ್ದೆ. ಸೊನ್ನೆ ಕೊಟ್ರು."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆದರೆ ನಕ್ಕಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡ ರೀತಿ ನೋಡಿ ಆ ಸೊನ್ನೆ ಅವರನ್ನು ಎಷ್ಟು ಚುಚ್ಚಿತ್ತು ಎಂದು ಗೊತ್ತಾಯಿತು.

ಅಂದಿನಿಂದ ದಿನಾ ಮಧ್ಯಾಹ್ನ, ಹೊರರೋಗಿಗಳ ಸಾಲು ಕರಗಿದ ಮೇಲೆ, ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ ನಮ್ಮಿಬ್ಬರ ಪಾಠ. ಇದರಿಂದ ನನ್ನ ಓದಿನ ಹೊತ್ತು ಹಾಳಾಗುತ್ತದೆ ಎಂದು ಮೊದಮೊದಲು ಒಳಗೊಳಗೇ ಸಿಡಿಮಿಡಿಗೊಂಡೆ. ಆದರೆ ಸಿಸ್ಟರ್ ಸುಮ್ಮನೆ ಕೇಳಿಸಿಕೊಳ್ಳುವವರಲ್ಲ. ಹೆರಿಗೆಯಾದ ಮೇಲೆ ಬಾಣಂತಿಯ ಮೂತ್ರಕೋಶ ತುಂಬಿರಬಾರದು ಎಂದು ಬರೆಸಿದೆ.

"ಯಾಕೆ?" ಎಂದರು.

"ತುಂಬಿದ್ದರೆ ಗರ್ಭಕೋಶ ಬಿಗಿಯೋದಿಲ್ಲ. ಅದು ಬಿಗಿಯದಿದ್ದರೆ ರಕ್ತ ನಿಲ್ಲೋದಿಲ್ಲ."

"ಅದೇ, ಯಾಕೆ ಬಿಗಿಯಲ್ಲ?"

ನನಗೆ ಗೊತ್ತಿರಲಿಲ್ಲ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕುವುದು ಗೊತ್ತಿತ್ತು, ಅಷ್ಟೆ. ಆ ಸಂಜೆ ರೈಲಿನಲ್ಲಿ ಮೂಲ ಪುಸ್ತಕ ತೆಗೆದು ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮೇಲಕ್ಕೆ ತಳ್ಳಿ, ಕುಗ್ಗಲು ಬಿಡುವುದಿಲ್ಲ. ಇದನ್ನು ಕನ್ನಡದಲ್ಲಿ ಅವರಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತ ಕಡೂರಿನಲ್ಲಿ ಇಳಿಯುವುದನ್ನೇ ಮರೆಯುವುದರಲ್ಲಿದ್ದೆ. ಎದುರಿಗೆ ಕೂತಿದ್ದ ಅಜ್ಜಿಯೊಬ್ಬರು "ಕಡೂರು ಬಂತು ಇಳಿಯವ್ವ" ಎಂದು ಎಚ್ಚರಿಸಿದರು. ಒಂದು ತಿಂಗಳಲ್ಲಿ ನನ್ನ ಓದಿನ ರೀತಿಯೇ ಬದಲಾಯಿತು. ಸಿಸ್ಟರಿಗೆ ಬಿಡಿಸಿ ಹೇಳಲಾಗದ ಯಾವುದನ್ನೂ ನಾನು ಓದಿದ್ದೇನೆ ಎಂದುಕೊಳ್ಳುವ ಧೈರ್ಯ ಉಳಿಯಲಿಲ್ಲ. ಅವರೂ ನನ್ನನ್ನು ಬಿಡದೆ ಬಸುರಿಯರ ತಪಾಸಣೆಗೆ ಹಳ್ಳಿಗಳಿಗೆ ಕರೆದೊಯ್ಯತೊಡಗಿದರು. ಹೊಟ್ಟೆಯ ಮೇಲೆ ನನ್ನ ಕೈ ಇಡಿಸಿ, "ತಲೆ ಎಲ್ಲೈತೆ? ಅವಸರ ಮಾಡ್ಬೇಡಿ, ಕೈಗೆ ಗೊತ್ತಾಯ್ತದೆ" ಅನ್ನುವರು.

ಒಂದು ಬೆಳಿಗ್ಗೆ ಹಿರಿಯ ಡಾಕ್ಟರು ಮೀಟಿಂಗಿಗೆ ಚಿಕ್ಕಮಗಳೂರಿಗೆ ಹೋಗಿದ್ದರು. ಯಗಟಿಗೆ ಕೊಟ್ಟಿದ್ದ ಹುಡುಗಿಯೊಬ್ಬಳು ಎರಡನೇ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳನ್ನು ದೂರದ ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಕರೆತಂದರು. ಹೆರಿಗೆ ಸಲೀಸಾಗಿ ಆಯಿತು. ಹೆಣ್ಣುಮಗು ಗಟ್ಟಿಯಾಗಿ ಅತ್ತಿತು. ಕಸ, ಅಂದರೆ ಮಾಸು, ಬಿತ್ತು. ಕಸ ಪೂರ್ತಿ ಬಂದಿದೆಯೇ ಎಂದು ಸಿಸ್ಟರ್ ತಿರುಗಿಸಿ ಮುರುಗಿಸಿ ನೋಡಿ, ಬಂದಿದೆ ಎಂದು ತಲೆಯಾಡಿಸಿದರು. ನಾನು ಕೈ ತೊಳೆಯಲು ತಿರುಗಿದೆ. ಆಗ ರಕ್ತ ಹರಿಯತೊಡಗಿತು. ಮೇಜಿನ ಅಂಚಿನಿಂದ ಧಾರೆಯಾಗಿ ನೆಲಕ್ಕೆ ಬಿತ್ತು.

ನನ್ನ ಕೈಕಾಲು ಆಡಲಿಲ್ಲ. ಓದಿದ್ದೆಲ್ಲ ಒಟ್ಟಿಗೆ ನುಗ್ಗಿ ಬಂದು ಯಾವುದು ಮೊದಲು ಎಂಬುದೇ ತೋಚಲಿಲ್ಲ. ಸಿಸ್ಟರ್ ಆಗಲೇ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ಉಜ್ಜುತ್ತಿದ್ದರು. ನನ್ನ ಮುಖ ನೋಡಿದರು. ಬೈಯಲಿಲ್ಲ. ಹೊಂಗೆಮರದ ಕೆಳಗೆ ಮಾತಾಡುತ್ತಿದ್ದ ದನಿಯಲ್ಲೇ ಹೇಳಿದರು:

"ಡಾಕ್ಟ್ರಮ್ಮ, ಮೊದಲ್ನೇದು ನಾನು ಮಾಡ್ತಾ ಇವ್ನಿ. ಎರಡ್ನೇದು ಹೇಳಿ."

"ಗರ್ಭಕೋಶ ಬಿಗಿಸೋ ಮೆಥರ್ಜಿನ್ ಇಂಜೆಕ್ಷನ್" ಎಂದೆ.

"ಕೊಡಿ ಮತ್ತೆ."

ಕೊಟ್ಟೆ. ಸೂಜಿ ನರಕ್ಕೆ ಸೇರಿತು. "ಮೂರ್ನೇದು?" ಎಂದರು. ಸಲೈನ್ ಏರಿಸಿದೆ. ರಕ್ತ ನಿಲ್ಲಲಿಲ್ಲ. ಹುಡುಗಿಯ ತುಟಿ ಬಿಳಿಚಿಕೊಂಡಿತು. ಬಾಗಿಲಾಚೆ ಅವಳ ತಾಯಿ ದೇವರ ಹೆಸರು ಹೇಳುತ್ತಿದ್ದಳು.

"ನಾಕ್ನೇದು, ಡಾಕ್ಟ್ರಮ್ಮ?"

"ಮೂತ್ರಕೋಶ" ಎಂದೆ. ಹೇಳುತ್ತಿದ್ದ ಹಾಗೇ ಕಣ್ಣಿಗೆ ಬಿತ್ತು. ಕಿಬ್ಬೊಟ್ಟೆ ಉಬ್ಬಿ ನಿಂತಿತ್ತು. ಗಾಡಿಯಲ್ಲಿ ಅಷ್ಟು ದೂರ ಬಂದವಳು, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಮೂತ್ರ ಇಳಿಸುವ ರಬ್ಬರ್ ನಳಿಕೆ ಹಾಕಿದೆ. ಬೇಸಿನ್ ತುಂಬಿತು. ಸ್ವಲ್ಪ ಹೊತ್ತಿಗೆ ಸಿಸ್ಟರ್ ನನ್ನ ಕೈ ಎಳೆದು ಹುಡುಗಿಯ ಹೊಕ್ಕುಳ ಕೆಳಗೆ ಇಟ್ಟರು. ಅಷ್ಟು ಹೊತ್ತು ಮೆತ್ತಗಿದ್ದ ಗರ್ಭಕೋಶ ಸುಲಿದ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿತ್ತು. ಧಾರೆ ಹನಿಯಾಯಿತು, ಹನಿ ನಿಂತಿತು.

ಅವಳನ್ನು ಊರಿನವರೊಬ್ಬರ ಕಾರಿನಲ್ಲಿ ತರೀಕೆರೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವಳ ನಾಡಿ ಹಿಡಿದು ಕೂತಿದ್ದೆ. ತರೀಕೆರೆ ತಲುಪುವ ಹೊತ್ತಿಗೆ ಅವಳು ಕಣ್ಣು ಬಿಟ್ಟು "ಮಗೀಗೆ ಹಾಲು?" ಎಂದು ಕೇಳಿದಳು. ಸಿಸ್ಟರ್ ತಮ್ಮ ಮಡಿಲಲ್ಲಿದ್ದ ಮಗುವನ್ನು ಅವಳ ಮಗ್ಗುಲಿಗೆ ಮಲಗಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ.

"ನಿಂತುಬಿಟ್ಟೆ ಸಿಸ್ಟರ್. ನೀವಿಲ್ಲದಿದ್ದರೆ ಏನಾಗುತ್ತಿತ್ತು?"

"ಮೊದಲ್ನೇ ಸಲ ಹೆರಿಗೆ ಮಾಡ್ಸೋವಾಗ ನಾನು ಬಾಗ್ಲಿಂದಾಚೆಗೇ ಓಡಿದ್ದೆ" ಎಂದರು. "ನೀವು ಓಡ್ಲಿಲ್ವಲ್ಲ. ಸಾಕು ಬಿಡಿ."

ಮರುದಿನ ಮರದ ಕೆಳಗೆ ಅವರ ಕೈಗೆ ಹಾಳೆ ಕೊಟ್ಟು, "ನಿನ್ನೆ ಏನೇನು ಮಾಡಿದಿರಿ, ಯಾಕೆ ಮಾಡಿದಿರಿ, ಎಲ್ಲ ಬರೆಯಿರಿ" ಎಂದೆ. ಪೆನ್ನು ಕಚ್ಚುತ್ತ, ಹೊಡೆದು ಹಾಕುತ್ತ ಎರಡು ಪುಟ ಬರೆದರು. ಓದಿ ನೋಡಿದರೆ ನನಗೆ ತಿದ್ದಲು ಒಂದೆರಡು ಕಾಗುಣಿತ ಬಿಟ್ಟು ಏನೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಇಬ್ಬರೂ ಪರೀಕ್ಷೆ ಬರೆದೆವು, ಅವರು ಚಿಕ್ಕಮಗಳೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಸಿಸ್ಟರ್ ಪಾಸಾದರು. ನನಗೆ ಸೀಟು ಸಿಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಪೋಸ್ಟಿಂಗೂ ಮುಗಿದಿತ್ತು. ಸಿಗದಿದ್ದ ದುಃಖಕ್ಕಿಂತ ಅವರೆದುರು ನಿಲ್ಲುವ ಸಂಕೋಚವೇ ಹೆಚ್ಚಾಗಿ ನಾನು ಕಡೂರಿನ ಮನೆಯಲ್ಲೇ ಕೂತೆ. ಹತ್ತು ದಿನ ನೋಡಿ ಅವರೇ ಬಂದರು. ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು, "ನಾನು ಮೂರು ಸಲ ಕೂತೆ ಕಣ್ರೀ ಡಾಕ್ಟ್ರಮ್ಮ. ನೀವು ಒಂದೇ ಸಲಕ್ಕೆ ಹಾಸಿಗೆ ಹಿಡಿದ್ರೆ ಹೆಂಗೆ?" ಒಳಗೆ ಕೇಳಿಸಿಕೊಳ್ಳುತ್ತಿದ್ದ ಅಪ್ಪ ಜೋರಾಗಿ ನಕ್ಕರು. ಹತ್ತು ದಿನಗಳಲ್ಲಿ ನಮ್ಮ ಮನೆಯಲ್ಲಿ ಅದೇ ಮೊದಲ ನಗು.

ಮತ್ತೆ ಓದಲು ಕೂತೆ. ಮರುವರ್ಷ ಅರ್ಜಿ ತುಂಬುವಾಗ ವಿಷಯದ ಜಾಗದಲ್ಲಿ ಜನರಲ್ ಮೆಡಿಸಿನ್ ಎಂದು ಬರೆಯಲಿಲ್ಲ. ಹೆರಿಗೆ ಮತ್ತು ಸ್ತ್ರೀರೋಗ ಎಂದು ಬರೆದೆ. ಸೀಟು ಸಿಕ್ಕಿತು.

ಸೀಟಿನ ಕಾಗದ ಕೈಗೆ ಬಂದ ದಿನವೇ ಹಿರೇನಲ್ಲೂರಿನ ಬಸ್ಸು ಹತ್ತಿದೆ. ಬಡ್ತಿಯಾದ ಮೇಲೆ ಸಿಸ್ಟರಿಗೆ ಅಲ್ಲಿ ಕೆಲಸ. ಶಾಲೆಯ ಜಗಲಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದರು. ಕಂಕುಳಲ್ಲಿ ಮಕ್ಕಳನ್ನು ಹೊತ್ತ ತಾಯಂದಿರ ಸಾಲು ರಸ್ತೆಯ ತನಕ ಬೆಳೆದಿತ್ತು. ನನ್ನನ್ನು ಕಂಡವರೇ ಎದ್ದು ನಿಂತರು. ಕಾಗದ ಚಾಚಿದೆ. ಕನ್ನಡಕ ಏರಿಸಿ, ಇಂಗ್ಲಿಷಿನಲ್ಲಿದ್ದ ಅದನ್ನು ಬೆರಳಿಟ್ಟು ಒಂದೊಂದೇ ಪದ ಓದಿದರು. ಕೊನೆಗೆ ನನ್ನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸಾಲಿನಲ್ಲಿದ್ದ ಕೂಸೊಂದು ಕಿರುಚಿಕೊಂಡಿತು.

"ಮಾತು ಆಮೇಲೆ" ಎಂದರು ಸಿಸ್ಟರ್, ಕಣ್ಣು ಒರೆಸಿಕೊಳ್ಳುತ್ತ. "ಕೈ ತೊಳ್ಕೊಂಡು ಬನ್ನಿ. ಆ ಕಡೆ ಸಾಲು ನೀವು ನೋಡ್ಕಳಿ."