ಗಡ್ಡೆಯ ಒಂದು ಚೂರು

"ಮೇಡಂ, ನೀವು ಇಷ್ಟು ವರ್ಷ ಕ್ಯಾನ್ಸರ್ ಮೇಲೇ ಕೆಲಸ ಮಾಡಿದ್ದಲ್ವಾ, ಇದೊಂದು ಸ್ವಲ್ಪ ನೋಡಿ" ಎನ್ನುತ್ತ ರೋಹಿಣಿ ಬಡಾವಣೆಯ ದೋಸೆ ಹೋಟೆಲಿನ ಶೆಟ್ಟರು ಗಲ್ಲಾದ ಕೆಳಗಿನಿಂದ ಫೈಲ್ ತೆಗೆದು ನನ್ನ ಕೈಗಿತ್ತರು. ನಾನು ಡಾಕ್ಟರಲ್ಲ, ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು ಎಂದು ಎಷ್ಟು ಸಲ ಹೇಳಿದ್ದರೂ ಅವರಿಗೆ ಎರಡೂ ಒಂದೇ.

ಎರಡನೇ ಹಾಳೆಯಲ್ಲಿ, ಅವರ ಗಡ್ಡೆಗೆ ಕಾರಣವಾದ ಜೀನ್‌ನ ಹೆಸರಿತ್ತು. ಇಪ್ಪತ್ತೆರಡು ವರ್ಷಗಳಿಂದ ನಾನು ಬೆನ್ನು ಹತ್ತಿದ್ದ, ತೀರಾ ಅಪರೂಪದ ಅದೇ ಜೀನ್. ಅದಕ್ಕೆ ಔಷಧವಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ನನ್ನ ಬಾಯಿಂದ ಮೊದಲು ಬಂದದ್ದು ಸಮಾಧಾನದ ಮಾತಲ್ಲ. "ಆಪರೇಷನ್ ಯಾವತ್ತು? ಗಡ್ಡೆಯ ಒಂದು ಚೂರು ನಮ್ಮ ಲ್ಯಾಬಿಗೆ ಸಿಗಬಹುದಾ?"

ಪಕ್ಕದಲ್ಲಿದ್ದ ಅವರ ಹೆಂಡತಿ ಮುಖ ತಿರುಗಿಸಿದರು. ಶೆಟ್ಟರು ಮಾತ್ರ, "ಅಚ್ಛಾ, ತಗೊಳ್ಳಿ ಮೇಡಂ. ನಿಮಗಾದ್ರೂ ಉಪಯೋಗ ಆಗ್ಲಿ" ಎಂದರು.

ಶೆಟ್ಟರು ತೀರಿಕೊಂಡು ಐದು ತಿಂಗಳಾಯಿತು. ಅವರು ಸಹಿ ಹಾಕಿ ಕೊಟ್ಟ ಚೂರಿನ ಜೀವಕೋಶಗಳು ಲ್ಯಾಬಿನಲ್ಲಿ ಇನ್ನೂ ಬೆಳೆಯುತ್ತಿವೆ. ನಾನು ಹಾಕಿ ನೋಡಿದ ಯಾವ ಔಷಧಕ್ಕೂ ಅವು ಸಾಯುತ್ತಿಲ್ಲ. ಹೋಟೆಲಿನ ಕಡೆ ಮತ್ತೆ ಕಾಲಿಟ್ಟಿಲ್ಲ. ಆದರೆ ಎರಡು ದಿನಕ್ಕೊಮ್ಮೆ, ಭಾನುವಾರವಾದರೂ ಸರಿ, ಲ್ಯಾಬಿಗೆ ಹೋಗಿ ಅವರನ್ನು ಕೊಂದ ಆ ಜೀವಕೋಶಗಳಿಗೆ ಊಟ ಹಾಕಿ ಬರುತ್ತೇನೆ.